ಕಾಯುವುದೂ ಕಾಯಕವೇ?

ತುಮಕೂರು ಜಿಲ್ಲೆಯ ಮಾಯಸಂದ್ರದ ಕಡೆ ಉಂಡೆ ಕೊಬ್ಬರಿ ಮಾಡುವವರು ಸುಲಿಯದ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಕರಟ ಬಿಡಬೇಕು. ಅಲ್ಲಾಡಿಸಿದಾಗ ಗಡಗಡ ಎಂದರೆ ಗಿಟುಕಾಗಿದೆ ಎಂದರ್ಥ. ಅಷ್ಟು ದಿನ ಬೆಳೆಗಾರ ಮಾಡಿದ್ದೇನು? ಕಾದದ್ದು. ಕಾಯಕವೆಂದರೆ ಕಾಯ ದಣಿಯಬೇಕು, ಕಾಯುವುದಕ್ಕೂ ಅದಕ್ಕೂ ಸದ್ದಿನಲ್ಲಷ್ಟೇ ನಂಟು ಎಂದು ಯಾರಾದರೂ ಆಕ್ಷೇಪಿಸಿಯಾರು. ನಂಟು ತಿರುಳಿನಲ್ಲೂ ಇದೆ ಎಂಬುದಕ್ಕೆ ಆಟದ ಮೈದಾನ ಒಳ್ಳೆಯ ಸಾಕ್ಷಿ.

ಬೇಸ್‌ಬಾಲ್‌ನಲ್ಲಿ ಮೊದಲ ಬೇಸ್ ಕಾಯುವವನು ಒಂದು ಕಾಲನ್ನು ಬೇಸಿಗೆ ತಾಗಿಸಿಕೊಂಡೇ ಮೈ ಚಾಚಿ, ಬೇರೆಯವರು ಎಸೆದ ಚೆಂಡನ್ನು ಹಿಡಿಯಬೇಕು. ಕ್ರಿಕೆಟ್ಟಿನಲ್ಲಿ ಅದಕ್ಕೆ ಹತ್ತಿರದ ಜಾಗ ಸ್ಲಿಪ್. 2012ರಲ್ಲಿ ನಿವೃತ್ತರಾದಾಗ, ಅಲ್ಲಿ ನಿಲ್ಲುತ್ತಿದ್ದ ನಮ್ಮ ರಾಹುಲ್ ದ್ರಾವಿಡ್ 164 ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದಿದ್ದರು. ವಿಕೆಟ್ ಕೀಪರ್ ಅಲ್ಲದವರಲ್ಲಿ ಆಗ ಅದೇ ವಿಶ್ವದಾಖಲೆ. ಅವುಗಳಲ್ಲಿ 55 ಅನಿಲ್ ಕುಂಬ್ಳೆಯವರ ಬೌಲಿಂಗ್‌ನಲ್ಲಿ ಸಿಕ್ಕವು. ಬೆವರು ಕುಂಬ್ಳೆಯವರದು, ತಪ್ಪು ಬ್ಯಾಟ್ಸ್‌ಮನ್ನನದು, ನಡುವೆ ನಿಂತವರದು ಬರೀ ಅದೃಷ್ಟವಲ್ಲವೇ? ಲೆಕ್ಕ ನೋಡಿ: ಪಂದ್ಯಕ್ಕೆ ಸರಾಸರಿ ಒಂದು ಕ್ಯಾಚಿಗಿಂತ ತುಸು ಹೆಚ್ಚು. ಆ ಒಂದಕ್ಕಾಗಿ ನೂರಾರು ಎಸೆತಗಳಿಗೆ ಮಂಡಿ ಬಗ್ಗಿಸಿ, ಅಂಗೈ ಅಗಲಿಸಿ, ಏನೂ ಸಿಗದೆ ಎದ್ದು ನಿಲ್ಲಬೇಕು. ಅದೃಷ್ಟ ಚೆಂಡನ್ನು ಕಳಿಸೀತು, ಬಗ್ಗಿದ ಮಂಡಿಯನ್ನು ಕೊಡಲಾರದು.

ಕಾಯುವುದೆಂದರೆ ಬರೀ ನಿಲ್ಲುವುದು ಎನ್ನುವವರಿಗೆ ಲೂ ಗೆಹ್ರಿಗ್ ಉತ್ತರ. ನ್ಯೂಯಾರ್ಕ್ ಯಾಂಕೀಸ್ ತಂಡದ ಮೊದಲ ಬೇಸಿನ ಆಟಗಾರನಾದ ಆತ 1925ರಿಂದ 1939ರವರೆಗೆ ಸತತ 2,130 ಪಂದ್ಯ ಆಡಿದ. 1939ರ ಮೇ 2ರಂದು, ಮೈ ಕುಗ್ಗಿಸುತ್ತಿದ್ದ ಕಾಯಿಲೆಯ ಹೆಸರೂ ತಿಳಿಯುವ ಮೊದಲೇ, ತಂಡದ ಹಿತಕ್ಕೆಂದು ತಾನಾಗಿ ಹೊರಗುಳಿದ. ಬರೀ ನಿಲ್ಲುವುದಾಗಿದ್ದರೆ ಆ ದಿನವೂ ನಿಲ್ಲಬಹುದಿತ್ತು. ಗಂಡ ಆಯ್ದು ತಂದ ಹೆಚ್ಚುವರಿ ಅಕ್ಕಿಯನ್ನು ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ಹಿಂದಿರುಗಿಸಲು ಹೇಳಿದ ಕಥೆಯಲ್ಲೂ ಇದೇ ಅಳತೆಯಿದೆ: ಕಾಯಕಕ್ಕೆ ಸಲ್ಲದ್ದು ಅಕ್ಕಿಯಾದರೂ ಒಂದೇ, ಜಾಗವಾದರೂ ಒಂದೇ.

ಯಾರು ಕಾಯಲಿ ಬಿಡಲಿ, ಕಾಯಿ ಒಣಗಿಯೇ ಒಣಗುತ್ತದಲ್ಲ ಎಂಬ ಕೊನೆಯ ಆಕ್ಷೇಪವೊಂದಿದೆ. ನಿಜ, ಒಣಗಿಸುವುದು ಶಾಖ, ಗಾಳಿ, ಕಾಲ. ಆದರೆ ಸಾಲ ಕುತ್ತಿಗೆಗೆ ಬಂದಾಗಲೂ ಹಸಿ ಕಾಯಿಗೆ ಕತ್ತಿ ಹಾಕದೆ ತಡೆದದ್ದು ಬೆಳೆಗಾರನ ಕೈ. ಅಟ್ಟದ ಮೇಲಿನ ಗಡಗಡ ಸದ್ದಿನಲ್ಲಿ ಆ ಕೈಯ ದುಡಿಮೆಯೂ ಇದೆ.