ಒಂದೇ ಚೀಲದ ನಿಯಮ

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಆ ದಿನ ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕ-ಶ್ರಾವಿಕೆಯರು ಹೊಲ, ಮನೆ, ಬೆಳ್ಳಿ, ಬಂಗಾರಗಳ ಮಿತಿಯನ್ನು ತಡೆಯಿಲ್ಲದೆ ಹೇಳುತ್ತಾರೆ. ಕುಪ್ಯಕ್ಕೆ ಬಂದಾಗ ಮಾತ್ರ ನಾಲಿಗೆ ತಡವರಿಸುತ್ತದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಹತ್ತಿ, ರೇಷ್ಮೆ, ಚಂದನ ಮೊದಲಾದವನ್ನು ಕುಪ್ಯವೆಂದಿದ್ದಾರೆ. ಹೆಗಲಿಗೇರುವ ಚೀಲವೂ ಆ ಲೆಕ್ಕದಲ್ಲಿಯೇ ಸೇರಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಬೆಳಗಾವಿಗೋ ಧಾರವಾಡಕ್ಕೋ ಬಸ್ಸಿನಲ್ಲಿ ಹೋಗಿಬರುವ ನಮ್ಮ ತರುಣರ ಬೆನ್ನಿಗೆ ಇಂದು ಬೆನ್ನುಚೀಲ ಬಂದಿದೆ. ಕಚೇರಿಗೆ, ಪ್ರವಾಸಕ್ಕೆ, ಸಂತೆಗೆ ಇದೊಂದೇ ಸಾಕು, ಬಹುಕಾಲ ಬಾಳುತ್ತದೆ, ಪರಿಸರಕ್ಕೂ ಹಾನಿಯಿಲ್ಲ ಎಂಬುದು ಮಾರುವವರ ಮಾತು. ಹಾಗಾದರೆ "ನನಗೆ ಚೀಲ ಒಂದೇ" ಎಂದು ನಿಯಮ ಮಾಡಿದವನಿಗೆ ವ್ರತ ಸಾಧಿಸಿದಂತಾಯಿತೇ?

ಎರಡೇ ಹೊಲವೆಂದು ಮಿತಿ ಮಾಡಿದ ಒಕ್ಕಲಿಗನು ಪಕ್ಕದ ಹೊಲವನ್ನು ಕೊಂಡು ನಡುವಿನ ಬದುವನ್ನು ಕಿತ್ತರೆ ಎಣಿಕೆಗೆ ಹೊಲ ಎರಡೇ. ಎಣಿಕೆ ಉಳಿಯಿತು, ವ್ರತ ಹೋಯಿತು. ಮೂರ್ಛೆಯೇ ಪರಿಗ್ರಹವೆಂದು ಉಮಾಸ್ವಾಮಿಗಳು ಹೇಳಿರುವುದು ಇಂತಹ ಜಾಣತನಕ್ಕೆ ಎಡೆಯಿರಬಾರದೆಂದೇ ಇರಬೇಕು. ಹತ್ತು ಕಿಸೆಗಳ ಚೀಲದಲ್ಲಿ ಬರಿದಾದ ಪ್ರತಿಯೊಂದು ಕಿಸೆಯೂ ಏನನ್ನಾದರೂ ಬೇಡುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಕೊನೆಯದನ್ನು ಎತ್ತು-ಕೋಣಗಳ ಮೇಲಿನ ಹೊರೆಯೆಂದು ತಿಳಿಯುವುದು ರೂಢಿ. ನಮ್ಮ ಬೆನ್ನನ್ನೂ, ಮುಖ್ಯವಾಗಿ ಮಕ್ಕಳ ಬೆನ್ನನ್ನೂ, ಅದರಲ್ಲಿ ಸೇರಿಸಬಾರದೆಂದು ಯಾರು ಹೇಳಿದರು? ಶಾಲಾಚೀಲದ ಭಾರ ಮಗುವಿನ ದೇಹತೂಕದ ಶೇಕಡಾ 10ನ್ನು ಮೀರಬಾರದೆಂದು ಕೇಂದ್ರದ 2020ರ ಶಾಲಾಚೀಲ ನೀತಿ ಹೇಳುತ್ತದೆ. ವ್ರತವನ್ನರಿತ ಮನೆಗೆ ಇದನ್ನು ಸರಕಾರ ಹೇಳಬೇಕಾಯಿತು!

ಇನ್ನು ಚೀಲ ಯಾವುದರದು? ಚರ್ಮದ ಮಾತೇ ಬೇಡ. ಆದರೆ ಬಟ್ಟೆಯ ಚೀಲಕ್ಕೂ ಪಟ್ಟಿಯ ತುದಿಯಲ್ಲಿ ಚರ್ಮದ ತುಂಡನ್ನು ಹೊಲಿದಿರುವುದುಂಟು, ನೋಡಿ ಕೊಳ್ಳಬೇಕು. ನೈಲಾನು, ಪಾಲಿಯೆಸ್ಟರುಗಳು ಕಲ್ಲೆಣ್ಣೆಯಿಂದ ಹುಟ್ಟಿದವು. ಹರಿದ ಮೇಲೂ ಮಣ್ಣಿನಲ್ಲಿ ಕರಗುವುದಿಲ್ಲ. ಬೈಲಹೊಂಗಲದ ಎರೆಭೂಮಿ ಹತ್ತಿಯ ನಾಡು. ಕಿತ್ತೂರಿಗೆ ದೂರವಲ್ಲದ ಗರಗದಲ್ಲಿ ರಾಷ್ಟ್ರಧ್ವಜದ ಖಾದಿಯನ್ನು ನೇಯ್ದಿದ್ದಾರೆ. ಆದುದರಿಂದ ದಪ್ಪ ಹತ್ತಿಬಟ್ಟೆಯ ಚೀಲ ನಮಗೆ ಸಹಜವಾಗಿ ಒಪ್ಪುತ್ತದೆ. ಆದರೆ ಹತ್ತಿಯೂ ನಿರ್ದೋಷಿಯಲ್ಲ. ಬೆಳೆಗೆ ಕೀಟನಾಶಕ ಸಿಂಪಡಿಸಿದಲ್ಲಿ ಜೀವರಾಶಿಯ ಘಾತವಾಗುತ್ತದೆ. ಹೀಗಿರಲು ಮನೆಯಲ್ಲಿ ಗಟ್ಟಿಯಾದ ಹಳೆಯ ಚೀಲವಿರುವಾಗ, ಅದು ನೈಲಾನಿನದೇ ಆಗಿದ್ದರೂ, "ಶುದ್ಧ" ಚೀಲಕ್ಕಾಗಿ ಅದನ್ನು ಎಸೆಯುವುದು ನನ್ನ ದೃಷ್ಟಿಯಲ್ಲಿ ಆರಂಭವನ್ನು ಹೆಚ್ಚಿಸಿದಂತೆಯೇ. ಕಿತ್ತ ಜಿಪ್ಪನ್ನು ಹೊಲಿಸಿದರೆ ಹೊಸದೊಂದರ ಹಿಂಸೆ ತಪ್ಪುತ್ತದೆ.

ಮುನಿಗಳಿಗೆ ಚೀಲವಿಲ್ಲ. ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಒಂದೊಂದು ಉಪಕರಣಕ್ಕೂ ಒಂದೊಂದು ಕಾರಣ. ಗೃಹಸ್ಥನು ಅಷ್ಟಕ್ಕೆ ನಿಲ್ಲಲಾರ. ಸೂರ್ಯಾಸ್ತಕ್ಕೆ ಮುಂಚೆ ಉಣ್ಣಲು ಬುತ್ತಿ, ನೀರು ಸೋಸಲು ಬಟ್ಟೆ, ಕಚೇರಿಯ ಕಾಗದ, ಊರು ದೂರವಾದರೆ ಒಂದು ಜೊತೆ ಬಟ್ಟೆ. ಇವುಗಳಿಗೆ ಕಾರಣ ಕೇಳಿದರೆ ಉತ್ತರವಿದೆ. ಉತ್ತರವಿಲ್ಲದ ವಸ್ತುಗಳೂ ಚೀಲದ ತಳದಲ್ಲಿ ಸಿಗುತ್ತವೆ. ಬಹುಕಾಲದಿಂದ ಅಲ್ಲಿಯೇ ಇದ್ದುವು ಎಂಬುದೊಂದೇ ಅವುಗಳ ಕಾರಣ.

ನಿಯಮವನ್ನು ಬರೆದಿಡುವವರು "ಚೀಲ ಒಂದು" ಎಂಬುದರ ಪಕ್ಕದಲ್ಲಿ ಅದು ಹೊರುವ ತೂಕವನ್ನೂ ಬರೆಯಲಿ. ಹೊಸದು ಬಂದರೆ ಹಳೆಯದನ್ನು ಯಾರಿಗೆ ಕೊಡುವುದೆಂಬುದನ್ನು ಕೊಳ್ಳುವ ಮುಂಚೆಯೇ ಗೊತ್ತುಮಾಡಿರಲಿ.