ದಾನ, ಪಾಲನೆ ಮತ್ತು ಮುಕ್ತ ತಂತ್ರಾಂಶದ ಋಣ

ಮುಕ್ತ ತಂತ್ರಾಂಶವನ್ನು, ಎಂದರೆ ಯಾರು ಬೇಕಾದರೂ ಬಳಸಲು, ಓದಲು, ತಿದ್ದಲು, ಹಂಚಲು ಅದರ ಕರ್ತೃಗಳೇ ಬಿಟ್ಟುಕೊಟ್ಟ ತಂತ್ರಾಂಶವನ್ನು, ದಾನವೆಂದು ಕರೆಯಬಹುದೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ತೋರುವಷ್ಟು ಸರಳವಲ್ಲ. ಭಗವದ್ಗೀತೆಯ 17ನೆಯ ಅಧ್ಯಾಯವು ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರ ಎಂಬ ಮೂರನ್ನು ಹೇಳುತ್ತದೆ. ಪಾತ್ರವೆಂದರೆ ಪಡೆಯಲು ಯೋಗ್ಯನಾದವನು. ಮುಕ್ತ ತಂತ್ರಾಂಶವು ಈ ಮೂರನೆಯದನ್ನು ತಿಳಿದೇ ಕೈಬಿಟ್ಟಿದೆ. ಸಾವಿರಾರು ತಂತ್ರಾಂಶಗಳನ್ನು ಒಂದಕ್ಕೊಂದು ಹೊಂದಿಸಿ ವಿತರಿಸುವ ಡೆಬಿಯನ್ ಎಂಬ ಸ್ವಯಂಸೇವಕರ ಯೋಜನೆಯನ್ನು 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದರು. ಅದು 1997ರಲ್ಲಿ ಸಾಮಾಜಿಕ ಕರಾರಿನ ಜೊತೆಗೆ ಅಂಗೀಕರಿಸಿದ ಮಾರ್ಗಸೂಚಿಯ ಪ್ರಕಾರ, ಬಳಸುವ ವ್ಯಕ್ತಿಯನ್ನಾಗಲಿ ಬಳಕೆಯ ಕ್ಷೇತ್ರವನ್ನಾಗಲಿ ನೋಡಿ ಭೇದ ಮಾಡುವ ಪರವಾನಗಿ ಮುಕ್ತವೆನಿಸದು. ಈ ನಿಲುವು ಶಾಸ್ತ್ರೋಕ್ತ ದಾನಕ್ಕಿಂತ ಅರವಟಿಗೆಯ ಆದರ್ಶಕ್ಕೆ ಹತ್ತಿರವಾದುದು; ಅಲ್ಲಿ ಬಾಯಾರಿಕೆಯೊಂದೇ ಅರ್ಹತೆ.

ಆದರೆ ಅರವಟಿಗೆಯ ಕೊಡವನ್ನು ಪ್ರತಿದಿನ ಬೆಳಿಗ್ಗೆ ಯಾರಾದರೂ ತುಂಬಿಸಬೇಕು. ಕರ್ನಾಟಕದ ಅನೇಕ ದಾನಶಾಸನಗಳು ದತ್ತಿಯ ವಿವರ ಮುಗಿಸಿದ ಮೇಲೆ, ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದೇ ಹೆಚ್ಚಿನ ಪುಣ್ಯವೆಂದು ಸಾರುತ್ತವೆ. ಮುಂದಿನವರು ದತ್ತಿಯನ್ನು ಕಿತ್ತುಕೊಂಡಾರೆಂಬ ಭಯ ಆ ಮಾತಿನ ಹಿಂದಿತ್ತೆಂಬುದು ನಿಜವಾದರೂ ಅದರ ತಾತ್ತ್ವಿಕ ತೂಕ ಆ ಭಯಕ್ಕೇ ಮುಗಿಯುವುದಿಲ್ಲ: ದಾನ ಒಂದು ಗಳಿಗೆಯ ಕ್ರಿಯೆ, ಪಾಲನೆಗೆ ಕೊನೆಯೇ ಇಲ್ಲ. ತಂತ್ರಾಂಶದ ವಿಷಯದಲ್ಲಿ ಇದು ಅಕ್ಷರಶಃ ಸತ್ಯ. ಬರೆದಿಟ್ಟ ಸಂಕೇತ ಸವೆಯದಿದ್ದರೂ, ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬದಲಾಗುತ್ತದೆ, ಆ ಸಂಕೇತ ನೆಚ್ಚಿಕೊಂಡ ಬೇರೆ ತಂತ್ರಾಂಶಗಳು ಬದಲಾಗುತ್ತವೆ, ಭದ್ರತೆಯ ಲೋಪಗಳು ಒಂದೊಂದಾಗಿ ಬೆಳಕಿಗೆ ಬರುತ್ತವೆ. 2023ರಲ್ಲಿ ಹೊರಬಂದ ಡೆಬಿಯನ್ 12ರಲ್ಲಿ 64,000ಕ್ಕೂ ಹೆಚ್ಚು ಪ್ಯಾಕೇಜ್‌ಗಳಿದ್ದವು. ಪ್ಯಾಕೇಜ್ ಎಂದರೆ ಹಂಚಲು ಸಿದ್ಧಪಡಿಸಿದ ಒಂದು ತಂತ್ರಾಂಶದ ಕಟ್ಟು. ಆ ಶಾಸನಗಳ ಕಾಲದಲ್ಲಿ ಕೆರೆ ಕಟ್ಟಿಸಿದವರು ಅದರ ದುರಸ್ತಿಗೆಂದು ಬಿತ್ತುವಟ್ಟವೆಂಬ ದತ್ತಿಯನ್ನೂ ಬಿಡುತ್ತಿದ್ದರು. ಈ ಕಟ್ಟುಗಳ ಪಾಲಕರಲ್ಲಿ ಕೆಲವರಿಗೆ ಉದ್ಯೋಗದಾತರ ಆಸರೆ ಇದ್ದರೂ ಬಹಳಷ್ಟು ಜನರ ಪಾಲಿಗೆ ಬಿತ್ತುವಟ್ಟವೆಂಬುದೇ ಇಲ್ಲ. ಯಾರೂ ಯಾವ ಕೆಲಸಕ್ಕೂ ಬದ್ಧರಲ್ಲವೆಂದು ಡೆಬಿಯನ್‌ನ ಸಂವಿಧಾನವೇ ಹೇಳುವುದರಿಂದ, ಅಲ್ಲಿ ನಡೆಯುವ ಪಾಲನೆಯನ್ನು ಕರ್ತವ್ಯವೆನ್ನುವುದಕ್ಕಿಂತ ದಿನದಿನವೂ ಹೊಸದಾಗಿ ಕೊಡುವ ದಾನವೆನ್ನುವುದೇ ಸರಿ.

ಪಡೆದವರು ಇದನ್ನು ಮರೆತು ದಾನವನ್ನು ಹಕ್ಕಿನಂತೆ ಕೇಳತೊಡಗಿದರೆ ಏನಾಗುತ್ತದೆಂಬುದಕ್ಕೆ ಎಕ್ಸ್‌ಝಡ್ ಪ್ರಕರಣ ಸಾಕ್ಷಿ. ದತ್ತಾಂಶವನ್ನು ಕುಗ್ಗಿಸಿಡುವ ಈ ಸಾಧನವನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಂಡಿದ್ದರು. 2022ರಲ್ಲಿ ಅಪರಿಚಿತ ಹೆಸರುಗಳು ಕೆಲಸ ನಿಧಾನವೆಂದು ದೂರಿ, ಹೊಣೆಯನ್ನು ಬೇರೆಯವರಿಗೆ ಒಪ್ಪಿಸುವಂತೆ ಒತ್ತಾಯಿಸಿದವು. ಇದು ಸಂಬಳವಿಲ್ಲದ ಹವ್ಯಾಸವೆಂದು ಪಾಲಕರು ನೆನಪಿಸಿದರೂ ಒತ್ತಾಯ ನಿಲ್ಲಲಿಲ್ಲ. ನೆರವಿಗೆಂದು ಬಂದು ವಿಶ್ವಾಸ ಗಳಿಸಿದ ಇನ್ನೊಂದು ಹೆಸರು 2024ರಲ್ಲಿ ಅದರೊಳಗೆ ಕಳ್ಳದಾರಿಯನ್ನು ಸೇರಿಸಿತು. ದೂರದ ಗಣಕಕ್ಕೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ತಗಲುತ್ತಿರುವುದನ್ನು ಕಂಡು ಕಾರಣ ಹುಡುಕಹೊರಟ ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ತಲುಪಿರಲಿಲ್ಲ. ಸಂಚಿನ ಜಾಣ್ಮೆಗಿಂತ ಹೆಚ್ಚು ಕಳವಳಕಾರಿಯಾದುದು, ಆ ಒತ್ತಾಯದ ದನಿ ಯಾರಿಗೂ ಅಸಹಜವೆನಿಸಲಿಲ್ಲವೆಂಬುದು. ದಾನಿಯನ್ನು ಗದರಿಸುವುದು ಅಷ್ಟರಮಟ್ಟಿಗೆ ರೂಢಿಯಾಗಿತ್ತು.

ಹಾಗಾದರೆ ಪಡೆದವನಿಗೆ ಋಣವಿದೆಯೇ? ಪರವಾನಗಿ ಇಲ್ಲವೆನ್ನುತ್ತದೆ, ಮತ್ತು ಕಾನೂನಿನ ಮಟ್ಟದಲ್ಲಿ ಅದು ಸರಿ. ಆದರೆ ತೈತ್ತಿರೀಯ ಸಂಹಿತೆ ಹೇಳುವ ಮೂರು ಋಣಗಳಲ್ಲಿ ಋಷಿಋಣವು ಸಾಲ ಕೊಟ್ಟವರಿಗೆ ಹಿಂದಿರುಗಿಸಿ ತೀರುವಂಥದ್ದಲ್ಲ, ಅವರಿಂದ ಬಂದ ವಿದ್ಯೆಯನ್ನು ಕಲಿತು ಉಳಿಸುವುದರಿಂದ ತೀರುವಂಥದ್ದು. ಮುಕ್ತ ತಂತ್ರಾಂಶದ ಋಣವೂ ಈ ಬಗೆಯದೇ. ಇನ್ನಷ್ಟು ಬೇಕೆಂದು ಪಾಲಕನನ್ನು ಕಾಡಿದರೆ ಅದು ಬೆಳೆಯುತ್ತದೆ, ಅವನ ಹೊರೆಯ ಒಂದು ತುದಿಯನ್ನು ಹಿಡಿದರೆ ಇಳಿಯುತ್ತದೆ. ಪಾಲಕರಿಲ್ಲದ ಪ್ಯಾಕೇಜನ್ನು ಡೆಬಿಯನ್‌ನಲ್ಲಿ ಅನಾಥವೆಂದೇ ಕರೆಯುತ್ತಾರೆ. ಇನ್ನು ತನ್ನಿಂದಾಗದೆಂದು ಬಹಿರಂಗವಾಗಿ ತಿಳಿಸಿ ಬಿಟ್ಟುಕೊಡಲು ಅಲ್ಲಿ ಅವಕಾಶವಿದೆ. ಮತ್ತೊಬ್ಬರು ಮುಂದೆ ಬಂದು ಅದನ್ನು ದತ್ತು ತೆಗೆದುಕೊಂಡಾಗ, ಬದಲಾವಣೆಗಳ ದಾಖಲೆಯಲ್ಲಿ ಹಿಂದಿನವರ ಹೆಸರು, ದಿನಾಂಕಗಳು ಅಳಿಯದೆ ಉಳಿದು, ಅವುಗಳ ಮೇಲೆ ಹೊಸದೊಂದು ಹೆಸರು ಸೇರುತ್ತದೆ.