ದಿನಕ್ಕೊಂದು ಧಮ್ಮ ಚಿಂತನೆ: ಅಪ್ಪನ ಕಾರು



ಧಮ್ಮ ಬಂಧುಗಳೇ, ಇವತ್ತಿನ ಸರದಿ ನನ್ನದು. ಈ ವಾರ ನಾವು ಓದುತ್ತಿರುವುದು ಮಿಲಿಂದ ಪನ್ಹದ ರಥದ ಪ್ರಸಂಗ. ಅದರ ಬಗ್ಗೆ ಬರೆಯೋಣವೆಂದು ಕೂತರೆ ಮನೆ ಮುಂದೆ ನಿಂತಿರುವ ಕಾರೇ ಕಣ್ಣಿಗೆ ಬೀಳುತ್ತಿದೆ. ಹಾಗಾಗಿ ಅದರ ಕಥೆ ಹೇಳುತ್ತೇನೆ. ಅದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಕಾರು 1972ರ ಅಂಬಾಸಿಡರ್, ಮಾರ್ಕ್ ಟು. ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದಾಗ, 1989ರಲ್ಲಿ, ಸೆಕೆಂಡ್‌ಹ್ಯಾಂಡ್ ಕೊಂಡದ್ದು. ನಮ್ಮ ಕೇರಿಗೆ ಬಂದ ಮೊದಲ ಕಾರು. ತಾತ ಯಾವ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತೋ ಅದೇ ಬೀದಿಯಲ್ಲಿ ಅಪ್ಪ ಕಿಟಕಿ ಗಾಜು ಇಳಿಸಿ, ಸೆಕೆಂಡ್ ಗೇರಿನಲ್ಲಿ ನಿಧಾನವಾಗಿ ಓಡಿಸಿಕೊಂಡು ಬಂದರು. ಹಾರ್ನ್ ಹೊಡೆಯಲಿಲ್ಲ. ಹಿಂದಿನ ಸೀಟಿನಲ್ಲಿ ತಾತ ಕೂತಿದ್ದರು, ಕಾಲಲ್ಲಿ ಚಪ್ಪಲಿ ಇತ್ತು. ನಾನಾಗ ಹತ್ತು ವರ್ಷದವನು. ಆ ಕಾರು ನನಗೆ ಬರೀ ತಗಡಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ದೀಕ್ಷೆ ಪಡೆದ ನಾಗಪುರಕ್ಕೆ ಇದೇ ಕಾರಿನಲ್ಲಿ ಹೋಗಬೇಕೆನ್ನುತ್ತಿದ್ದರು. ಆಗಲಿಲ್ಲ. ಈ ದಸರಾ ರಜೆಯಲ್ಲಿ ಅಮ್ಮನನ್ನು ಕರೆದುಕೊಂಡು ಹೋಗುವುದೆಂದು ನಾನೇ ನಿಶ್ಚಯಿಸಿದೆ. ಮೈಸೂರಿನಿಂದ ಬೆಂಗಳೂರು, ಕರ್ನೂಲು, ಹೈದರಾಬಾದ್ ದಾಟಿ ಸುಮಾರು 1200 ಕಿಲೋಮೀಟರ್. ನಮ್ಮ ಕಾರಿನ ವೇಗಕ್ಕೆ ಮೂರು ದಿನದ ದಾರಿ.

ದಾರಿಗೆ ಸಿದ್ಧ ಮಾಡಲು ಹೊರಟವನು ಮೊದಲು ಹೊಡೆಸಿದ್ದು ಬಣ್ಣ! ಆಮೇಲೆ ಬಂಪರಿಗೆ ಪಾಲಿಶು, ಸೀಟಿಗೆ ಹೊಸ ಬಟ್ಟೆ. ಅರ್ಧ ದುಡ್ಡು ಅಲ್ಲೇ ಮುಗಿಯಿತು. ಗ್ಯಾರೇಜಿನ ಭಾಯ್ ಅಪ್ಪನ ಕಾಲದಿಂದಲೂ ಈ ಕಾರನ್ನು ಬಲ್ಲವರು. ರೇಡಿಯೇಟರ್ ತೊಳೆಸಿದರು, ಫ್ಯಾನ್ ಬೆಲ್ಟ್ ಬದಲಾಯಿಸಿದರು, ದಾರಿಗೆಂದು ಒಂದು ಜೊತೆ ಪಾಯಿಂಟು, ಕಂಡೆನ್ಸರು ಕಟ್ಟಿಕೊಟ್ಟರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 2311 ಎಂದಿತ್ತು. ಗ್ರಿಪ್ ಇದ್ದರೂ ರಬ್ಬರು ಬಿರುಕು ಬಿಟ್ಟಿತ್ತು. ಅದಕ್ಕೆ ಒಪ್ಪಿದೆ.

"ಮೇಷ್ಟ್ರೇ, ಬ್ರೇಕಿನ ಹೋಸು, ವೀಲ್ ಸಿಲಿಂಡರು, ಮಾಸ್ಟರ್ ಸಿಲಿಂಡರು ಎಲ್ಲಾ ಹೊಸದು ಹಾಕೋಣ" ಅಂದರು. "ಬ್ರೇಕು ಹಿಡೀತಾ ಇದೆಯಲ್ಲ, ಅಪ್ಪ ಹಾಕಿಸಿದ್ದು, ಇರಲಿ ಬಿಡಿ" ಅಂದೆ. ಎರಡನೇ ಸಲ ಹೇಳಿದಾಗ ಸಿಟ್ಟೇ ಬಂತು. "ಎಲ್ಲಾ ಬದಲಾಯಿಸಿದ್ರೆ ಅಪ್ಪನ ಕಾರು ಎಲ್ಲಿ ಉಳೀತು?" ಅವರು ಸುಮ್ಮನಾದರು.

ಕಳೆದ ಭಾನುವಾರ ಒಬ್ಬನೇ ಓಡಿಸಿ ನೋಡಲು ಹೊರಟೆ. ಊರಾಚೆಯ ಇಳಿಜಾರಿನಲ್ಲಿ, ಹಾಲಿನ ಡೈರಿ ಎದುರು, ಒಬ್ಬ ಹುಡುಗ ಕ್ಯಾನು ಹಿಡಿದು ರಸ್ತೆಗಿಳಿದ. ಬ್ರೇಕ್ ತುಳಿದೆ. ಪೆಡಲು ತಳಕ್ಕೆ ಹೋಯಿತು. ಮತ್ತೆ ತುಳಿದೆ, ಏನೂ ಇಲ್ಲ. ಗೇರಿಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳ ಗುಡ್ಡೆಗೆ ನುಗ್ಗಿಸಿದೆ. ಹುಡುಗ ನಿಂತಲ್ಲೇ ನಿಂತಿದ್ದ, ಎರಡು ಮಾರು ದೂರದಲ್ಲಿ. ನಮ್ಮ ಶಾಲೆಯವನೇ, ಆರನೇ ತರಗತಿ. "ಕಾರು ಚೆನ್ನಾಗಿದೆ ಸಾರ್" ಅಂದ. ನನಗೆ ಮಾತು ಹೊರಡಲಿಲ್ಲ.

ಮುಂದಿನ ಎಡಚಕ್ರದ ಹೋಸು ಒಡೆದಿತ್ತು. ಹೊರಗೆ ನುಣ್ಣಗಿದ್ದ ರಬ್ಬರು ಒಳಗೆ ಪುಡಿಯಾಗಿತ್ತು. ಈಗಿನ ಕಾರುಗಳಲ್ಲಿ ಬ್ರೇಕಿಗೆ ಎರಡು ಬೇರೆ ಬೇರೆ ಲೈನು ಇರುತ್ತದೆ, ಒಂದು ಹೋದರೂ ಇನ್ನೊಂದು ಹಿಡಿಯುತ್ತದೆ. ಆ ಕಾಲದ ಅಂಬಾಸಿಡರಿಗೆ ಒಂದೇ ಲೈನು. ಒಂದು ಕಡೆ ಆಯಿಲ್ ಸೋರಿತೆಂದರೆ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. ಭಾಯ್ ಇದನ್ನು ಮೊದಲೇ ಹೇಳಿದ್ದರು.

ರಥವೇರಿ ಬಂದ ಮಿಲಿಂದ ರಾಜನನ್ನು ನಾಗಸೇನ ಭಂತೇ ಕೇಳುತ್ತಾರಲ್ಲ: ಅಚ್ಚು ರಥವೇ, ಚಕ್ರ ರಥವೇ, ನೊಗ ರಥವೇ? ರಾಜ ಎಲ್ಲಕ್ಕೂ ಅಲ್ಲ ಅನ್ನುತ್ತಾನೆ. ನಮ್ಮ ಗುಂಪಿನಲ್ಲಿ ಇದನ್ನು ಎಷ್ಟೋ ಸಲ ವಿವರಿಸಿದವನು ನಾನು. ಗ್ಯಾರೇಜಿನಲ್ಲಿ ಮಾತ್ರ ಅಪ್ಪನನ್ನು ಒಂದು ರಬ್ಬರ್ ಕೊಳವೆಯೊಳಗೆ ಹುಡುಕಿದೆ. ಆ ಕೊಳವೆಯನ್ನೂ ಅಪ್ಪ ಅದಕ್ಕಿಂತ ಹಳೆಯದನ್ನು ಕಿತ್ತೆಸೆದೇ ಹಾಕಿಸಿದ್ದು ಎಂಬುದು ಹೊಳೆಯಲಿಲ್ಲ. ಉಪಾದಾನ, ಅಂದರೆ ಅಂಟಿಕೊಳ್ಳುವುದು, ಹಣ ಆಸ್ತಿಯ ವಿಷಯವೆಂದುಕೊಂಡಿದ್ದೆ. ತಾತನ ಚಪ್ಪಲಿಯ ನೆನಪಿನ ವೇಷದಲ್ಲಿ ಬಂದಾಗ ಅದನ್ನು ಪ್ರೀತಿಯೆಂದೇ ನಂಬಿದೆ. ಅಂಥ ನೆನಪನ್ನು ಬಿಡಿ ಎಂದು ಯಾರೂ ನಮಗೆ ಹೇಳಬೇಕಿಲ್ಲ, ನಾನೂ ಬಿಡುವುದಿಲ್ಲ. ಆದರೆ ಅದರ ಹೆಸರಿನಲ್ಲಿ ಇನ್ನೊಬ್ಬರ ಮಗು ಹೋಗುವುದರಲ್ಲಿತ್ತು.

ನಡೆದದ್ದನ್ನು ಕೇಳಿ ಅಮ್ಮ ಅಂದದ್ದು ಇಷ್ಟು: "ನಿಮ್ಮಪ್ಪ ರಾತ್ರಿ ಕಾರ್ ಕೆಳ್ಗೆ ಹಳೇ ಪೇಪರ್ ಹಾಸೋರು ಕಣೋ. ಬೆಳಗ್ಗೆ ಎದ್ದು ಎಲ್ಲಿ ಹನಿ ಬಿದ್ದದೆ ಅಂತ ನೋಡೋರು. ನೀನು ಬಣ್ಣ ನೋಡ್ಕೊಂಡು ಕೂತೆ." ಎಚ್ಚರಕ್ಕೆ ಪಾಲಿಯಲ್ಲಿ ಅಪ್ಪಮಾದ ಎನ್ನುತ್ತಾರೆ. ಬುದ್ಧರು ಕೊನೆಗಳಿಗೆಯಲ್ಲಿ ಭಿಕ್ಖುಗಳಿಗೆ ನೆನಪಿಸಿದ್ದೂ ಅದನ್ನೇ. ಆ ಪದಕ್ಕೂ ನಮ್ಮ 'ಅಪ್ಪ'ನಿಗೂ ವ್ಯುತ್ಪತ್ತಿಯ ಸಂಬಂಧ ಏನೇನೂ ಇಲ್ಲ, ಕನ್ನಡ ಮೇಷ್ಟ್ರಾಗಿ ಇದು ನನಗೆ ಗೊತ್ತು. ಆದರೂ ಆ ರಾತ್ರಿ ಕಿವಿಗೆ ಹಾಗೇ ಕೇಳಿಸಿತು.

ಭಾಯ್ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಹೋಸು, ಸಿಲಿಂಡರು ಎಲ್ಲ ಹೊಸದಾಯಿತು. ಒಡೆದ ಹೋಸನ್ನು ಎತ್ತಿಟ್ಟುಕೊಳ್ಳಲೇ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ನಾಡಿದ್ದು ಹೊರಡಬೇಕು. ನಿನ್ನೆ ರಾತ್ರಿ ಕಾರಿನಡಿ ಪೇಪರ್ ಹಾಸಿದ್ದೆ. ಗೇರ್‌ಬಾಕ್ಸಿನ ಕೆಳಗೆ ಒಂದೇ ಒಂದು ಹನಿ ಬಿದ್ದಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಭಾಯ್‌ಗೆ ತೋರಿಸಬೇಕು.

ಜೈ ಭೀಮ್.